ಬಹ್ರೈನ್ ಸೇತುವೆ ಮುಚ್ಚಿದ ದಿನಗಳಲ್ಲಿ

ನಮ್ಮ ಹೂಡೆ, ಕೆಮ್ಮಣ್ಣು, ಬೆಂಗ್ರೆ ಕಡೆಯ ಮನೆಗಳಲ್ಲಿ "ಬಹ್ರೈನ್‌ಗೆ ಹೋಗಿ ಬಂದ್ರಾ?" ಅಂತ ಉಮ್ಮಂದಿರು ಫೋನಿನಲ್ಲಿ ಕೇಳುತ್ತಿದ್ದದ್ದು ಕಿವಿಗೆ ಬಿದ್ದಿದ್ದರೆ ಪ್ರವಾಸದ ಮಾತು ಅಂತ ತಿಳಿಯಬೇಡಿ. ದಮ್ಮಾಮಿನಲ್ಲೋ ಜುಬೈಲಿನಲ್ಲೋ ಗಂಡನ ಜೊತೆ ಇದ್ದ ಮಗಳು, ವಿಸಿಟ್ ವೀಸಾದ 90 ದಿನ ಮುಗಿಯುವ ಮೊದಲು ಸೇತುವೆ ದಾಟಿ ಸೀಲು ಹಾಕಿಸಿಕೊಂಡು ಬಂದಳೋ ಇಲ್ಲವೋ ಅಂತ ಕೇಳುತ್ತಿದ್ದದ್ದು ಅದು. "ಆಯ್ತು ಉಮ್ಮ" ಅಂತ ಉತ್ತರ ಬಂದರೆ ಮತ್ತೆ ಮೂರು ತಿಂಗಳು ನಿಶ್ಚಿಂತೆಯಾಗಿ ಇರುತ್ತಿದ್ದರು.

ಈ ಸೀಲು ನಮ್ಮವರ ಬದುಕಿಗೆ ಹೇಗೆ ಬಂತು ಎಂಬುದನ್ನು ಸ್ವಲ್ಪ ಹೇಳಬೇಕು. ಮೊದಲೆಲ್ಲ ಒಳ್ಳೆಯ ಕೆಲಸ, ಇಖಾಮ ಇದ್ದವರು ಹೆಂಡತಿ ಮಕ್ಕಳನ್ನು ಫ್ಯಾಮಿಲಿ ವೀಸಾದಲ್ಲಿ ಕರೆಸಿ ಅಲ್ಲೇ ಇಟ್ಟುಕೊಳ್ಳುತ್ತಿದ್ದರು. 2017ರ ಜುಲೈಯಿಂದ ಸೌದಿ ಸರಕಾರ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಲೆವಿ ಹಾಕಿತು. ವರ್ಷಕ್ಕೆ ನೂರು ನೂರು ಏರಿ 2020ರ ಜುಲೈಗೆ ಅದು 400 ಆಯಿತು. ಹೆಂಡತಿ ಮತ್ತು ಮೂವರು ಮಕ್ಕಳಿದ್ದವನು ಲೆಕ್ಕ ಹಾಕಲಿ, ತಿಂಗಳಿಗೆ 1,600 ರಿಯಾಲ್. ಸಂಬಳವೇ ಎರಡೂವರೆ ಸಾವಿರ, ಮೂರು ಸಾವಿರ ಇದ್ದವರು ಏನು ಮಾಡಬೇಕು? ಒಂದೊಂದೇ ಕುಟುಂಬ ಎಕ್ಸಿಟ್ ಹೊಡೆದು ಊರಿಗೆ ಬಂತು. ಆ ವರ್ಷಗಳಲ್ಲಿ ನಮ್ಮ ಮದ್ರಸದ ತರಗತಿಗೆ ಅರ್ಧ ವರ್ಷದಲ್ಲಿ ಬಂದು ಸೇರಿದ ಮಕ್ಕಳು ಎಷ್ಟೋ. ಅರಬಿ ಅಕ್ಷರ ಚೆನ್ನಾಗಿ ಬರುತ್ತಿತ್ತು, ಕನ್ನಡ ಅಕ್ಷರ ಬರುತ್ತಿರಲಿಲ್ಲ.

2019ರಲ್ಲಿ ವಿಸಿಟ್ ವೀಸಾದ ಶುಲ್ಕ 300 ರಿಯಾಲಿಗೆ ಇಳಿಯಿತು. ಆಗ ವರ್ಷದ ಮಲ್ಟಿಪಲ್ ವಿಸಿಟ್ ತೆಗೆದರೆ ಲೆವಿ ಇರಲಿಲ್ಲ, ಆದರೆ ಒಂದು ಸಲಕ್ಕೆ 90 ದಿನಕ್ಕಿಂತ ಹೆಚ್ಚು ಒಳಗೆ ಇರುವ ಹಾಗಿರಲಿಲ್ಲ. ಹೊರಗೆ ಹೋಗಿ ಮತ್ತೆ ಒಳಗೆ ಬಂದರೆ ಹೊಸ 90 ದಿನ ಸಿಗುತ್ತಿತ್ತು. ಊರಿಗೆ ಬಂದು ಹೋಗಲು ಟಿಕೆಟಿಗೆ ಎಲ್ಲಿಂದ ತರುವುದು? ಪೂರ್ವ ಪ್ರಾಂತ್ಯದಲ್ಲಿದ್ದವರಿಗೆ ಹತ್ತಿರದ ಹೊರಗು ಅಂದರೆ ಬಹ್ರೈನ್. ಅಲ್ ಖೋಬರ್ ಕಡೆಯಿಂದ ಸಮುದ್ರದ ಮೇಲೆ ಸುಮಾರು 25 ಕಿ.ಮೀ. ಉದ್ದದ ಕಿಂಗ್ ಫಹದ್ ಸೇತುವೆ, 1986ರ ನವೆಂಬರಿನಲ್ಲಿ ತೆರೆದದ್ದು. ನಮ್ಮ ಲೆಕ್ಕದಲ್ಲಿ ಹೂಡೆಯಿಂದ ಕಾಪುವಿಗೆ ಹೋದಷ್ಟು ದೂರ. ನಡುವೆ ಮಣ್ಣು ತುಂಬಿ ಮಾಡಿದ ಒಂದು ದ್ವೀಪ, ಎರಡೂ ದೇಶದ ಪಾಸ್‌ಪೋರ್ಟ್ ಕೌಂಟರುಗಳು ಅದರಲ್ಲೇ. ಶುಕ್ರವಾರ ಜುಮಾ ಮುಗಿಸಿ ಹೊರಟರೆ ಮನಾಮದಲ್ಲಿ ಊಟ ಮಾಡಿ, ಮಕ್ಕಳಿಗೆ ಏನಾದರೂ ತೆಗೆದುಕೊಟ್ಟು ರಾತ್ರಿ ವಾಪಸ್. ಸೀಲು ಬಿತ್ತು, ಕೆಲಸ ಮುಗಿಯಿತು. ಯಾರೂ ಇದನ್ನು ದೊಡ್ಡ ವಿಷಯ ಅಂತ ಎಣಿಸಿದ್ದೇ ಇಲ್ಲ.

ನಮ್ಮ ತರಗತಿಯ ಒಬ್ಬ ಹುಡುಗನ ಮನೆಯ ಸಂಗತಿ ಹೇಳುತ್ತೇವೆ. ಹೆಸರು ಬೇಡ, ಊರಿನವರಿಗೆ ಹೇಗೂ ಗೊತ್ತಾಗುತ್ತದೆ. ತಂದೆ ಜುಬೈಲಿನಲ್ಲಿ ಕೆಲಸ. ತಾಯಿ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು 2019ರ ಡಿಸೆಂಬರ್ 15ಕ್ಕೆ ವಿಸಿಟ್ ವೀಸಾದಲ್ಲಿ ಹೋದರು. ಹುಡುಗನಿಗೆ ಶಾಲೆ ಇತ್ತು, ಅವನು ಅಜ್ಜಿಯ ಹತ್ತಿರ ಉಳಿದ. ಮಾರ್ಚ್ 13ಕ್ಕೆ 90 ದಿನ ಮುಗಿಯುತ್ತದೆ, ಅದಕ್ಕೆ ಒಂದು ದಿನ ಮೊದಲು ಬಹ್ರೈನ್‌ಗೆ ಹೋಗಿ ಬರುವುದು, ಇನ್ನೊಂದು ತಿಂಗಳು ಇದ್ದು ರಮಳಾನಿನ ಮೊದಲು ಊರಿಗೆ ಬರುವುದು. ಲೆಕ್ಕ ಎಲ್ಲ ಸರಿಯಾಗಿಯೇ ಇತ್ತು.

ಸೌದಿಯಲ್ಲಿ ಮೊದಲ ಕೊರೋನಾ ಪ್ರಕರಣ ಗೊತ್ತಾದದ್ದು 2020ರ ಮಾರ್ಚ್ 2ಕ್ಕೆ. ಆ ಮನುಷ್ಯ ಇರಾನಿನಿಂದ ಬಹ್ರೈನ್ ಮೂಲಕ, ಇದೇ ಸೇತುವೆ ದಾಟಿ ಬಂದವನು. ಮಾರ್ಚ್ 7ರ ಶನಿವಾರ ಸೌದಿ ಸರಕಾರ ಬಹ್ರೈನ್, ಕುವೈತ್, ಯುಎಇ ಗಡಿಗಳಲ್ಲಿ ಸರಕಿನ ಲಾರಿಗಳನ್ನು ಮಾತ್ರ ಬಿಡುವುದು ಅಂತ ಹೇಳಿತು. ಸೀಲಿಗೆ ಇನ್ನು ಐದು ದಿನ ಇತ್ತು. ಮಾರ್ಚ್ 15ಕ್ಕೆ ಅಂತಾರಾಷ್ಟ್ರೀಯ ವಿಮಾನ ನಿಂತಿತು. 22ಕ್ಕೆ ನಮ್ಮ ದೇಶವೂ ವಿಮಾನ ಇಳಿಯಲು ಬಿಡುವುದನ್ನು ನಿಲ್ಲಿಸಿತು. ಸೇತುವೆ ದಾಟುವ ಹಾಗಿಲ್ಲ, ಊರಿಗೆ ಬರುವ ಹಾಗಿಲ್ಲ, ವೀಸಾದಲ್ಲಿ ದಿನ ಉಳಿದಿಲ್ಲ.

ಗಡಿ ಮುಚ್ಚುವುದು ಅಂದರೇನು ಅಂತ ಆಗ ಇಲ್ಲಿಯೂ ಗೊತ್ತಾಯಿತು. ಅದೇ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ರಸ್ತೆ ಬಂದ್ ಆಗಿ, ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಬರಲಾರದೆ ಒದ್ದಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ವೀಸಾ ಇಲ್ಲ, ಸೀಲು ಇಲ್ಲ, ಎರಡೂ ಕಡೆ ನಮ್ಮದೇ ಸಂಬಂಧಿಕರು.

ಆ ಹೊತ್ತಿಗೆ ಮದ್ರಸ ಮುಚ್ಚಿ ನಮ್ಮ ಪಾಠ ವಾಟ್ಸಪ್ಪಿಗೆ ಬಂದಿತ್ತು. ಅದರ ಜೊತೆ ಇನ್ನೊಂದು ಕೆಲಸವೂ ತಾನಾಗಿ ಬಂದು ಸೇರಿತು. ಸೌದಿಯ ಪಾಸ್‌ಪೋರ್ಟ್ ಇಲಾಖೆ, ಅಂದರೆ ಜವಾಜಾತಿನವರು ಹೊರಡಿಸುವ ಪ್ರಕಟಣೆ ಅರಬಿಯಲ್ಲಿ ಇರುತ್ತದೆ. ಅದು ಫಾರ್ವರ್ಡ್ ಆಗಿ ಆಗಿ ಹೂಡೆಗೆ ಬರುವಾಗ ಮಧ್ಯರಾತ್ರಿ. "ಉಸ್ತಾದರೇ, ಇದ್ರಲ್ಲಿ ಎಂತ ಬರೆದದ್ದು?" ಅಂತ ಒಂದು ವಾಯ್ಸ್. ಇಖಾಮದ ಹಿಜರಿ ತಾರೀಕನ್ನು ಇಂಗ್ಲಿಷ್ ತಾರೀಕಿಗೆ ತಿರುಗಿಸಿ ಕೊಡಿ ಅಂತ ಇನ್ನೊಂದು. ನಾವು ಕಿತಾಬಿನ ಅರಬಿ ಕಲಿತವರು, ಸರಕಾರಿ ಅರಬಿ ಬೇರೆಯೇ. ಆದರೂ ಓದಿ ಹೇಳುತ್ತಿದ್ದೆವು. ಕನ್ನಡದಲ್ಲಿ, ಮಲಯಾಳದಲ್ಲಿ ಹರಿದಾಡುತ್ತಿದ್ದ ಸುಳ್ಳು ಸುದ್ದಿಗಿಂತ ನಮ್ಮ ಅರೆಬರೆ ಅರಬಿ ಮೇಲು ಅಂತ ಜನರಿಗೆ ಅನಿಸಿರಬೇಕು.

ಅದರಲ್ಲಿ ನಮ್ಮಿಂದಲೇ ಒಂದು ತಪ್ಪಾಯಿತು. 2020ರ ಜುಲೈ 5ಕ್ಕೆ ದೊರೆ ಸಲ್ಮಾನ್ ಅವರ ಅನುಮತಿಯಲ್ಲಿ ಇಖಾಮ, ರೀ ಎಂಟ್ರಿ, ವಿಸಿಟ್ ವೀಸಾ ಎಲ್ಲ ಮೂರು ತಿಂಗಳು ಶುಲ್ಕವಿಲ್ಲದೆ ವಿಸ್ತರಣೆ ಅಂತ ಪ್ರಕಟಣೆ ಬಂತು. ಊರಲ್ಲೇ ಸಿಕ್ಕಿಬಿದ್ದಿದ್ದ ಒಬ್ಬ ಸೊಸೆಯ ವಿಸಿಟ್ ವೀಸಾ ಆಗಸ್ಟಿಗೆ ಮುಗಿಯುವುದರಲ್ಲಿತ್ತು. ಅವಳ ಮಾವ ಕೇಳಿದರು. ನಾವು ಓದಿ "ಮೂರು ತಿಂಗಳು ಸಿಕ್ಕಿತು ಹಾಜಿಯವರೇ" ಅಂತ ಹೇಳಿಬಿಟ್ಟೆವು. ವಿಸಿಟ್ ವೀಸಾದ ಸಾಲಿನಲ್ಲಿ "ದಾಖಿಲ್" ಎಂಬ ಶಬ್ದ ಇತ್ತು. ರಾಜ್ಯದ ಒಳಗೆ ಇರುವವರಿಗೆ ಅಂತ ಅದರ ಅರ್ಥ. ಹೊರಗಿರುವವರಿಗೆ, "ಖಾರಿಜ್" ಆದವರಿಗೆ ಕೊಟ್ಟದ್ದು ಇಖಾಮ ಮತ್ತು ರೀ ಎಂಟ್ರಿಯ ವಿಸ್ತರಣೆ. ದಾಖಿಲ್, ಖಾರಿಜ್ ಅಂತ ಎರಡನೇ ತರಗತಿಯ ಮಕ್ಕಳಿಗೆ ಕಲಿಸುವ ಶಬ್ದಗಳು, ನಮ್ಮ ಕಣ್ಣು ಅದರ ಮೇಲೆ ಹಾದು ಹೋಗಿತ್ತು. ಸೆಪ್ಟೆಂಬರಿನಲ್ಲಿ ಮಗ ಅಬ್ಶೀರ್‌ನಲ್ಲಿ ನೋಡುವಾಗ ಹೆಂಡತಿಯ ವೀಸಾ ಸತ್ತು ತಿಂಗಳಾಗಿತ್ತು. ಹಾಜಿಯವರು ನಮಗೆ ಒಂದು ಮಾತು ಅನ್ನಲಿಲ್ಲ. ಆ ಹುಡುಗಿ ಅಷ್ಟು ದಿನ ಬ್ಯಾಗು ಕಟ್ಟಿಟ್ಟುಕೊಂಡಿದ್ದಳಂತೆ. ಹೊಸ ವೀಸಾ ತೆಗೆದು ಅವಳು ಹೋದದ್ದು 2022ರಲ್ಲಿ.

ಜುಬೈಲಿನವರ ಕಥೆಗೆ ವಾಪಸ್ ಬರುತ್ತೇವೆ. ಅವರು ದಾಖಿಲ್ ಆಗಿದ್ದರು. ವೀಸಾ ಅಬ್ಶೀರ್‌ನಲ್ಲೇ ಮುಂದಕ್ಕೆ ಹೋಯಿತು, ದಂಡ ಬೀಳಲಿಲ್ಲ. ಇಲ್ಲಿ ಹುಡುಗ ಅಜ್ಜಿಯ ಜೊತೆ. ಅಜ್ಜಿಗೆ ಶುಗರ್, ಮಾತ್ರೆ ಉಡುಪಿಯಿಂದ ಬರಬೇಕು. ಲಾಕ್‌ಡೌನಿನಲ್ಲಿ ಬೀದಿಯ ಹುಡುಗರು ತಂದುಕೊಟ್ಟರು, ಅದಕ್ಕೇನೂ ಕಮ್ಮಿ ಆಗಲಿಲ್ಲ. ಆದರೆ ಆನ್‌ಲೈನ್ ತರಗತಿಯಲ್ಲಿ ಅವನು ಒಬ್ಬನೇ ಕ್ಯಾಮೆರಾ ಬಂದ್ ಮಾಡಿ ಕೂರುತ್ತಿದ್ದ. ಯಾಕೆ ಅಂತ ಒಂದು ದಿನ ಕೇಳಿದಾಗ, "ಉಮ್ಮನ ಕಾಲ್ ಬಂದ್ರೆ ಇದ್ರಲ್ಲೇ ತೆಗೀಬೇಕು ಉಸ್ತಾದ್" ಅಂದ. ಮನೆಯಲ್ಲಿ ಇದ್ದದ್ದು ಒಂದೇ ಫೋನ್.

ಮೇ 7ಕ್ಕೆ ವಂದೇ ಭಾರತ್ ವಿಮಾನಗಳು ಶುರುವಾದವು, 12ಕ್ಕೆ ದುಬೈಯಿಂದ ಮಂಗಳೂರಿಗೆ ಮೊದಲನೆಯದು ಬಂತು. ದಮ್ಮಾಮಿನಿಂದ ಅನಿವಾಸಿ ಸಂಘಟನೆಗಳವರು ಸೇರಿ ಚಾರ್ಟರ್ ವಿಮಾನ ಮಾಡಿದರು. ಜೂನ್ ಕೊನೆಗೆ ತಾಯಿ, ಮಗಳು ಬಂದರು. ಕ್ವಾರಂಟೈನ್ ಮುಗಿಸಿ ಮನೆಗೆ ಬರುವಾಗ ಮಳೆಗಾಲ ಜೋರು ಹಿಡಿದಿತ್ತು. ಆಮೇಲೆ ಒಂದು ದಿನ ಅವರು ನಮ್ಮ ಮನೆಯವರ ಹತ್ತಿರ ಹೇಳಿದ ಮಾತು ನಮಗೆ ಇನ್ನೂ ಮರೆತಿಲ್ಲ. ಮದುವೆಯಾಗಿ ಹನ್ನೊಂದು ವರ್ಷ, ಗಂಡನ ಜೊತೆ ಒಂದೇ ಸಮನೆ ಆರು ತಿಂಗಳು ಇದ್ದದ್ದು ಅದೇ ಮೊದಲಂತೆ. "ಸೇತುವೆ ಬಂದ್ ಆದದ್ದು ಒಳ್ಳೇದೇ ಆಯ್ತು ಅಂತ ಒಂದೊಂದು ಸಲ ಅನಿಸ್ತಿತ್ತು, ಹಾಗೆ ಅನಿಸಿದ ಕೂಡಲೇ ಮಗನ ನೆನಪಾಗಿ ಕೂಗು ಬರ್ತಿತ್ತು" ಅಂದರಂತೆ.

ಅಲ್ಲಿ ಉಳಿದ ಬೇರೆ ಕುಟುಂಬಗಳಿಗೆ 2020ರ ಸೆಪ್ಟೆಂಬರ್ 15ರಿಂದ ದಾರಿ ಸ್ವಲ್ಪ ತೆರೆಯಿತು. ಇಖಾಮ, ರೀ ಎಂಟ್ರಿ, ವಿಸಿಟ್ ವೀಸಾ ಇರುವ ವಿದೇಶಿಯರು ಒಳಗೆ ಬರಬಹುದು, ಆದರೆ 48 ಗಂಟೆಯ ಒಳಗಿನ ಪಿಸಿಆರ್ ವರದಿ ಬೇಕು. ಮೊದಲು ಪೆಟ್ರೋಲು, ಊಟ, ಟೋಲು ಅಂತ ಮುಗಿಯುತ್ತಿದ್ದ ಸೀಲಿನ ಪ್ರಯಾಣಕ್ಕೆ ಈಗ ತಲೆಗೊಂದು ಪರೀಕ್ಷೆಯ ಖರ್ಚು, ಎರಡೂ ಕಡೆ. ಅದೂ ಸ್ಥಿರ ಇಲ್ಲ. ಡಿಸೆಂಬರ್ 20ರ ರಾತ್ರಿ ಬ್ರಿಟನ್ನಿನ ಹೊಸ ವೈರಸ್ ಅಂತ ಮತ್ತೆ ಎಲ್ಲ ಗಡಿ ಬಂದ್. 2021ರ ಜನವರಿ 3ಕ್ಕೆ ಬಿಟ್ಟರು. ಆ ಎರಡು ವಾರದಲ್ಲಿ ಬಹ್ರೈನ್ ಕಡೆ ಹೋಗಿದ್ದವರು ಅಲ್ಲೇ, ಮಕ್ಕಳನ್ನು ಕಟ್ಟಿಕೊಂಡು, ದಿನಾರಿನಲ್ಲಿ ಬಾಡಿಗೆ ಕೊಟ್ಟು ಕೂತರು.

2021ರ ಫೆಬ್ರವರಿ 3ರಿಂದ ಭಾರತವೂ ಸೇರಿ 20 ದೇಶಗಳಿಂದ ಬರುವವರಿಗೆ ಸೌದಿ ಬಾಗಿಲು ಮುಚ್ಚಿತು. ಅಲ್ಲಿಗೆ ಸೇತುವೆಯ ಕಥೆ ತಿರುಗಿತು. ಅಲ್ಲಿಯವರೆಗೆ ಹೆಂಗಸರು ಮಕ್ಕಳು ಹೊರಗೆ ಹೋಗಿ ಬರುವ ದಾರಿ ಅದು, ಈಗ ರಜೆಗೆ ಬಂದ ಗಂಡಸರು ಒಳಗೆ ಹೋಗುವ ದಾರಿ ಆಯಿತು. ನಿಷೇಧ ಇಲ್ಲದ ದೇಶದಲ್ಲಿ 14 ದಿನ ಕಳೆದರೆ ಪ್ರವೇಶ ಉಂಟು. ಕೆಲವರು ನೇಪಾಳಕ್ಕೆ ಹೋದರು, ಏಪ್ರಿಲ್ ಕೊನೆಗೆ ಅದೂ ನಿಂತಿತು. ಕೆಲವರು ಮಾಲ್ದೀವ್ಸ್. ದಮ್ಮಾಮಿನವರಿಗೆ ಬಹ್ರೈನ್ ಮೇಲೆ ಕಣ್ಣು, ಎದುರಲ್ಲೇ ಸೇತುವೆ ಉಂಟಲ್ಲ. ರೀ ಎಂಟ್ರಿಯ ಅವಧಿ ಮೀರಿದರೆ ಮೂರು ವರ್ಷ ಬೇರೆ ಕಫೀಲನ ಹತ್ತಿರ ಹೋಗುವ ಹಾಗಿಲ್ಲ ಎಂಬ ಹೆದರಿಕೆ ತಲೆಯ ಮೇಲೆ.

ನಮ್ಮ ನೆರೆಯ ಒಬ್ಬ ಡ್ರೈವರ್ ತಂಗಿಯ ಮದುವೆಗೆ ಬಂದು ಹೀಗೆ ಸಿಕ್ಕಿಬಿದ್ದ. ಹೆಂಡತಿಯ ಬಳೆ ಅಡವಿಟ್ಟು ಒಬ್ಬ ಏಜೆಂಟಿನ ಪ್ಯಾಕೇಜು ತೆಗೆದ. ಟಿಕೆಟು, ರೂಮು, ಊಟ, ಪರೀಕ್ಷೆ, ಸೇತುವೆ ದಾಟಿಸುವ ಬಸ್ಸು ಎಲ್ಲ ಸೇರಿ ಅಂತ ಮಾತು. ಏಪ್ರಿಲ್ ಕೊನೆಗೆ ಬಹ್ರೈನ್ ಮುಟ್ಟಿದ. ರೂಮಿನಲ್ಲಿ ಎಂಟು ಜನ. ದಿನ ತುಂಬಿತು, ಆದರೆ ಬಸ್ಸು ನಾಳೆ ನಾಳೆ ಅಂತ ಮುಂದೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಮೇ 20 ಬಂತು. ಲಸಿಕೆ ಹಾಕಿಸಿಕೊಳ್ಳದ ವಿದೇಶಿಯರು ಬಂದು ಏಳು ದಿನ ಸರಕಾರ ಹೇಳಿದ ಹೋಟೆಲಿನಲ್ಲಿ ಕ್ವಾರಂಟೈನ್ ಇರಬೇಕು ಎಂಬ ನಿಯಮ, ಸೇತುವೆಯಲ್ಲಿ ಅಂಥವರನ್ನು ಬಿಡುವುದೇ ಇಲ್ಲ ಅಂತ ಆಯಿತು. ಅವನಿಗೆ ಲಸಿಕೆ ಎಲ್ಲಿಂದ? ನಮ್ಮಲ್ಲಿ 18 ದಾಟಿದವರಿಗೆ ಶುರುವಾದದ್ದೇ ಮೇ 1ಕ್ಕೆ, ಅವನು ಊರು ಬಿಟ್ಟ ಮೇಲೆ. ಏಜೆಂಟಿನ ಫೋನ್ ಸ್ವಿಚ್ ಆಫ್.

ಕೊನೆಗೆ ದಮ್ಮಾಮಿನ ಗೆಳೆಯರು ಹಣ ಹಾಕಿ ಅವನನ್ನು ವಿಮಾನದಲ್ಲಿ ರಿಯಾದ್‌ಗೆ ಇಳಿಸಿದರು. ಅಲ್ಲಿ ಏಳು ದಿನ ಹೋಟೆಲು, ಮತ್ತೆ ಅಲ್ಲಿಂದ ಬಸ್ಸಿನಲ್ಲಿ ಸುಮಾರು 400 ಕಿ.ಮೀ. ದಮ್ಮಾಮಿಗೆ. ಬಹ್ರೈನಿನ ದಡದಲ್ಲಿ ನಿಂತು ನೋಡಿದರೆ ರಾತ್ರಿ ಸೇತುವೆಯ ದೀಪದ ಸಾಲು ಕಾಣುತ್ತಿತ್ತಂತೆ. ಆ ಬಳೆ ಬಿಡಿಸಲು ಅವನಿಗೆ ಒಂದೂವರೆ ವರ್ಷ ಹಿಡಿಯಿತು. ಅದೇ ರೂಮಿನಲ್ಲಿದ್ದ ನಮ್ಮ ಕಡೆಯ ಇನ್ನೊಬ್ಬರಿಗೆ ಅಷ್ಟು ಗೆಳೆಯರಿರಲಿಲ್ಲ. ಬಹ್ರೈನಿನ ವೀಸಾ ಮುಗಿದು ಊರಿಗೆ ವಾಪಸ್ ಬಂದರು. ಈಗ ಮಲ್ಪೆ ಬಂದರಿನಿಂದ ಮೀನಿನ ಟೆಂಪೋ ಓಡಿಸುತ್ತಾರೆ. ಮಾತಿಗೆ ಸಿಕ್ಕಿದರೆ ಗಲ್ಫಿನ ಸುದ್ದಿ ತೆಗೆಯುವುದಿಲ್ಲ, ನಾವೂ ಕೇಳುವುದಿಲ್ಲ.

ಮತ್ತೆ ಎಲ್ಲ ನಿಧಾನಕ್ಕೆ ಸಡಿಲಾಯಿತು. ಇಖಾಮ, ರೀ ಎಂಟ್ರಿಗಳನ್ನು ಒಮ್ಮೆ ಆಗಸ್ಟಿಗೆ, ಒಮ್ಮೆ ಸೆಪ್ಟೆಂಬರಿಗೆ, ಆಮೇಲೆ ಜನವರಿಗೆ ಅಂತ ಉದ್ದ ಮಾಡುತ್ತಾ ಬಂದರು. ಪ್ರತಿ ಸಲವೂ ನಮಗೆ ಮಧ್ಯರಾತ್ರಿ ವಾಯ್ಸ್ ಬರುತ್ತಿತ್ತು. ಪ್ರತಿ ಸಲವೂ ನಾವು ಮೊದಲು ದಾಖಿಲ್ ಎಲ್ಲಿ, ಖಾರಿಜ್ ಎಲ್ಲಿ ಅಂತ ಬೆರಳಿಟ್ಟು ಹುಡುಕಿ ಆಮೇಲೆ ಬಾಯಿ ತೆರೆಯುತ್ತಿದ್ದೆವು. 2021ರ ಡಿಸೆಂಬರ್ 1ರಿಂದ ಭಾರತದಿಂದ ನೇರ ಪ್ರಯಾಣಕ್ಕೆ ಬಿಟ್ಟರು. 2022ರ ಮಾರ್ಚ್ 5ಕ್ಕೆ ಪಿಸಿಆರ್, ಕ್ವಾರಂಟೈನ್ ಎಲ್ಲ ತೆಗೆದರು.

ಆ ಬೇಸಿಗೆ ರಜೆಯಲ್ಲಿ ಜುಬೈಲಿನವರ ಕುಟುಂಬ ಪುನಃ ವಿಸಿಟ್ ತೆಗೆದು ಹೋಯಿತು. ಈ ಸಲ ಹುಡುಗನೂ ಜೊತೆಗೆ. ಶಾಲೆ ಸ್ವಲ್ಪ ತಪ್ಪಿದರೂ ಅಡ್ಡಿಯಿಲ್ಲ, ಇನ್ನು ಅವನನ್ನು ಬಿಟ್ಟು ಹೋಗುವುದಿಲ್ಲ ಅಂತ ತಾಯಿ ಹಟ ಹಿಡಿದಿದ್ದರು. 90 ದಿನ ಆಗುವಾಗ ಅವರು ಸೇತುವೆಯನ್ನು ಮೊದಲ ಸಲ ದಾಟಿದರು. ನಡುವಿನ ದ್ವೀಪದಲ್ಲಿ ಸೌದಿಯ ಎಕ್ಸಿಟ್ ಸೀಲು ಬಿದ್ದು, ಬಹ್ರೈನಿನ ಕೌಂಟರಿಗೆ ಕಾರಿನ ಸಾಲು ನಿಂತಿತ್ತಂತೆ. ಅಲ್ಲಿಂದ ಹುಡುಗ ನಮಗೊಂದು ವಾಯ್ಸ್ ಕಳಿಸಿದ, ಹಿಂದೆ ಗಾಳಿಯ ಸದ್ದು.

"ಉಸ್ತಾದ್, ಈಗ ನಾವು ದಾಖಿಲಾ, ಖಾರಿಜಾ?"