ಮಕ್ಕಳ ಮಾತಿಗೆ ಅಳತೆಗೋಲು ಮಾಡಿದವರು

ಶಿರೂರಿನ ನವಾಯತರ ಮಗು ಮನೆಯಲ್ಲಿ ನವಾಯತಿ ಕೇಳಿ ಬೆಳೆಯುತ್ತದೆ. ಗಂಗೊಳ್ಳಿಯ ಖಾರ್ವಿ ಮನೆಗಳಲ್ಲಿ ಕೊಂಕಣಿ. ಬಸ್ರೂರು, ಹಟ್ಟಿಯಂಗಡಿ, ಕೊಲ್ಲೂರಿನ ಕಡೆ ಕುಂದಾಪ್ರ ಕನ್ನಡ. ಬ್ರಹ್ಮಾವರ ದಾಟಿ ತೆಂಕಕ್ಕೆ ಹೋದಂತೆ ತುಳು ಜೋರಾಗುತ್ತದೆ. ಆರನೇ ವರ್ಷದ ಹೊತ್ತಿಗೆ ಇವರೆಲ್ಲ ಒಂದೇ ಕನ್ನಡ ಪಾಠಪುಸ್ತಕ ತೆರೆಯುತ್ತಾರೆ. ಕೆಲವರಿಗೆ ಅದಕ್ಕೂ ಮೊದಲೇ ಎಲ್‌ಕೆಜಿಯ ಇಂಗ್ಲಿಷ್ ಎದುರಾಗಿರುತ್ತದೆ. ಹೆಚ್ಚಿನವರು ಹೇಗೋ ಹೊಂದಿಕೊಳ್ಳುತ್ತಾರೆ. ಒಬ್ಬಿಬ್ಬರು ಮಾತ್ರ ಮೂರನೇ ಕ್ಲಾಸಿಗೆ ಬಂದರೂ ಒಂದು ಸಾಲು ಓದಲು ಬೆವರುತ್ತಾರೆ. ದಡ್ಡ, ಉದಾಸೀನ ಎಂಬ ಹೆಸರು ಅವರಿಗೆ ಬೇಗ ಅಂಟುತ್ತದೆ.

ಆ ಮಗುವಿಗೆ ಶಾಲೆಯ ಭಾಷೆ ಹೊಸದೋ? ಕಿವಿ ಮಂದವೋ? ಯಾವ ಭಾಷೆಯ ಮಾತೇ ಆದರೂ ಕಲಿಯುವುದೇ ಕಷ್ಟವೋ? ಮಾತು ಸರಿಯಿದ್ದು ಓದು ಬರಹದಲ್ಲಷ್ಟೇ ತೊಡಕೋ? ಹೊರನೋಟಕ್ಕೆ ನಾಲ್ಕೂ ಒಂದೇ ತರ ಕಾಣುತ್ತವೆ. ಒಂದೊಂದಕ್ಕೂ ಪರಿಹಾರ ಮಾತ್ರ ಬೇರೆ. ಇದನ್ನು ಬಿಡಿಸಿ ಹೇಳಬಲ್ಲವರು ವಾಕ್ ತಜ್ಞರು, ನಾವು ಸ್ಪೀಚ್ ಥೆರಪಿಸ್ಟ್ ಎನ್ನುವವರು. ಅವರ ಕೈಗೆ ಕನ್ನಡದ ಅಳತೆಗೋಲು ಕೊಟ್ಟವರು ಕೆಲವೇ ಸಂಶೋಧಕರು.

ಆ ಕೆಲಸ ಮೈಸೂರಿನಲ್ಲಿ ಶುರುವಾಯಿತು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರ ಬಾಯಲ್ಲಿ ಆಯಿಷ್, ಆರಂಭವಾದದ್ದು 1965ರಲ್ಲಿ. ಇಂಗ್ಲಿಷ್ ಮಕ್ಕಳಿಗೆಂದು ಮಾಡಿದ ಪರೀಕ್ಷೆಗಳು ಕನ್ನಡದ ಮಗುವಿನ ನಾಲಿಗೆಗೆ ಳ, ಣ ಯಾವಾಗ ಹತ್ತಬೇಕು ಎಂದು ಹೇಳಲಾರವು. 1972ರಲ್ಲಿ ಬಾಬು, ರತ್ನ, ಬೆಟ್ಟಗೇರಿ ಎಂಬ ಮೂವರು ಕನ್ನಡ ಉಚ್ಚಾರಣೆಗೇ ಒಂದು ಪರೀಕ್ಷೆ ಪ್ರಕಟಿಸಿದರು. ಆ ರತ್ನ ಎಂದರೆ ಆಯಿಷ್ ನಿರ್ದೇಶಕರಾಗಿದ್ದ ನ. ರತ್ನ. ಕನ್ನಡಿಗರು ಅವರನ್ನು ನಾಟಕಕಾರರೆಂದೇ ಹೆಚ್ಚು ಬಲ್ಲರು. ಮಕ್ಕಳ ಮಾತಿಗಾಗಿ ದುಡಿದದ್ದು ನೆನಪಾಗುವುದು ಕಡಿಮೆ.

ಮುಂದೆ ಪ್ರತಿಭಾ ಕಾರಂತ ಅವರು ಧ್ವನಿ, ವಾಕ್ಯರಚನೆ, ಅರ್ಥ ಮೂರನ್ನೂ ಬೇರೆ ಬೇರೆಯಾಗಿ ನೋಡುವ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟನ್ನು ಕನ್ನಡದಲ್ಲಿ ರೂಪಿಸಿದರು. ಜೋ ರೊಜಾರಿಯೊ ಅವರ ಜೊತೆ ಅವರು ಸಂಪಾದಿಸಿದ, ಭಾರತದ ಮಕ್ಕಳ ಕಲಿಕಾ ನ್ಯೂನತೆಯ ಕುರಿತ ಪುಸ್ತಕ 2003ರಲ್ಲಿ ಬಂತು. ಆಯಿಷ್‌ನ ಪ್ರೇಮಾ ಕೆ.ಎಸ್. ರಾವ್ ಅವರು ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನೇ ಸಂಶೋಧನೆಗೆ ಎತ್ತಿಕೊಂಡು, ಓದಿನ ಪರೀಕ್ಷೆಯೊಂದನ್ನು ಕಟ್ಟಿದರು.

ಇವರ ಶ್ರಮದ ಬೆಲೆ ತಿಳಿಯಬೇಕಾದರೆ ನಮ್ಮ ಕಾಗುಣಿತವನ್ನು ಮಗುವಿನ ಕಣ್ಣಲ್ಲಿ ನೋಡಬೇಕು. 34 ವ್ಯಂಜನ, ಒಂದೊಂದಕ್ಕೆ 15 ರೂಪ: ಅಲ್ಲಿಗೇ 510 ಆಯಿತು. ಒತ್ತಕ್ಷರ ಇನ್ನೂ ಬಂದಿಲ್ಲ. ‘ಸೂರ್ಯ’ ಬರೆಯುವಾಗ ಬಾಯಲ್ಲಿ ಮೊದಲು ಬರುವ ರಕಾರ ಕಾಗದದಲ್ಲಿ ಯಕಾರದ ನಂತರ ಕೂರುತ್ತದೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೊನಾಲಿ ನಾಗ್ ಮನಃಶಾಸ್ತ್ರದ ಕಡೆಯಿಂದ ಈ ಕ್ಷೇತ್ರಕ್ಕೆ ಬಂದವರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನ, ಕನ್ನಡ ಅಕ್ಷರಗಳು ಪೂರ್ತಿ ಕೈವಶವಾಗಲು ಹಲವು ವರ್ಷ ಬೇಕು ಎಂದು ತೋರಿಸಿತು. ಅಕ್ಷರವನ್ನು ಒಡೆದು ಕ್ ಬೇರೆ, ಅ ಬೇರೆ ಎಂದು ಗುರುತಿಸುವ ಅರಿವೂ ನಮ್ಮ ಮಕ್ಕಳಿಗೆ ತಡವಾಗಿಯೇ ಬರುತ್ತದೆ. ಇಂಗ್ಲಿಷ್ ಓದಿನ ಲೆಕ್ಕಾಚಾರ ಹಿಡಿದರೆ ಚೆನ್ನಾಗಿ ಓದುವ ಕನ್ನಡದ ಮಗುವೂ ಹಿಂದುಳಿದಂತೆ ಕಂಡೀತು. ಈ ಒಂದು ತಿಳಿವಳಿಕೆ ಎಷ್ಟು ಮಕ್ಕಳನ್ನು ತಪ್ಪು ಹಣೆಪಟ್ಟಿಯಿಂದ ಉಳಿಸಬಲ್ಲದು!

ಮಾತಿಗೂ ಓದಿಗೂ ನಂಟು ಗಟ್ಟಿ. ಅಮೆರಿಕದ ಹ್ಯೂ ಕ್ಯಾಟ್ಸ್ ಮತ್ತು ಸಂಗಡಿಗರು ಶಾಲೆ ಸೇರುವ ಹೊತ್ತಿಗೆ ಮಾತಿನಲ್ಲಿ ಹಿಂದಿದ್ದ ಮಕ್ಕಳನ್ನು ನಾಲ್ಕನೇ ಕ್ಲಾಸಿನವರೆಗೆ ಹಿಂಬಾಲಿಸಿ, ಅವರಲ್ಲಿ ಓದಿನ ತೊಂದರೆ ಉಳಿದವರಿಗಿಂತ ಬಹಳ ಹೆಚ್ಚೆಂದು 2002ರಲ್ಲಿ ತೋರಿಸಿದರು. ಇಂಗ್ಲೆಂಡಿನ ಲೆಕ್ಕದಲ್ಲಿ ಶೇ. 7ರಷ್ಟು ಮಕ್ಕಳಿಗೆ ಭಾಷಾ ಬೆಳವಣಿಗೆಯ ತೊಡಕು ಇದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರ, ನಮ್ಮ ಈ ಮೂರು ತಾಲೂಕುಗಳ ಕಷ್ಟಕ್ಕೆ ಇನ್ನೊಂದು ಮಗ್ಗುಲಿದೆ. ಇಲ್ಲಿನ ಮಗು ‘ಬಪ್ಪುದು’, ‘ಹೋಪುದು’, ‘ಹೋಯ್ಕ್’ ಎನ್ನುತ್ತದೆ. ಮೈಸೂರು ಕಡೆಯ ಮಾತಿಗೆ ಹೊಂದಿಸಿದ ಪರೀಕ್ಷೆಯಲ್ಲಿ ಇದಕ್ಕೆ ತಪ್ಪು ಗುರುತು ಹಾಕಿದರೆ ಅನ್ಯಾಯ ಮಗುವಿಗೂ ಹೌದು, ನುಡಿಗೂ ಹೌದು. ಎದುರಿನ ಅಪಾಯವೂ ಅಷ್ಟೇ ದೊಡ್ಡದು. ನಿಜವಾದ ತೊಡಕಿರುವ ಮಗುವನ್ನು ‘ಮನೆ ಭಾಷೆ ಬೇರೆಯಲ್ಲವೇ, ಸರಿಯಾಗುತ್ತದೆ’ ಎಂದೋ, ‘ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದೋ ವರ್ಷಗಟ್ಟಲೆ ಕಾಯಿಸುತ್ತೇವೆ. ತುಳು ಆಡುವ ಮಗುವಿಗೆ ತುಳುವಿನಲ್ಲೂ ಮಾತು ಕೂಡಿಬರದಿದ್ದರೆ ಅದು ಶಾಲೆಯ ಭಾಷೆಯ ಸಮಸ್ಯೆಯಲ್ಲ. ಎರಡು ವರ್ಷವಾದರೂ ಎರಡು ಪದ ಜೋಡಿಸದ ಮಗುವಿಗೆ ಮೊದಲು ಕಿವಿಯ ಪರೀಕ್ಷೆ ಮಾಡಿಸಬೇಕು. ಮನೆಮಾತು ನಿಲ್ಲಿಸಿ ಬರೀ ಇಂಗ್ಲಿಷ್ ಆಡಿ ಎನ್ನುವ ಸಲಹೆಯನ್ನಂತೂ ಕಿವಿಗೆ ಹಾಕಿಕೊಳ್ಳಬಾರದು.

ಮಣಿಪಾಲದಲ್ಲಿ ವಾಕ್ ಶ್ರವಣ ವಿಭಾಗವಿದೆ. ಬ್ರಹ್ಮಾವರದವರಿಗೆ ಅದು ಹತ್ತಿರ. ಬೈಂದೂರಿನ ಕೂಲಿ ತಾಯಿಗೆ ಸುಮಾರು 70 ಕಿ.ಮೀ. ದೂರ, ವಾರ ವಾರ ಹೋಗಬೇಕೆಂದರೆ ದಿನದ ದುಡಿಮೆಯೇ ಹೋಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಮಾತಿನ ವಿಳಂಬ, ಕಲಿಕಾ ತೊಂದರೆ ಎರಡೂ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಕಲಿಕಾ ನ್ಯೂನತೆಯನ್ನು ಗುರುತಿಸಿದೆ. ಹಕ್ಕು ಬರಹದಲ್ಲಿದೆ, ಮಗುವನ್ನು ಅದರ ಮನೆ ಮಾತಿನಲ್ಲೇ ಪರೀಕ್ಷಿಸುವ ಸಾಧನ ಬೇಕು.

ಸನ್ಮಾನಗಳಿಗೆ ನಮ್ಮೂರಿನಲ್ಲಿ ಬರವಿಲ್ಲ. ಯಕ್ಷಗಾನ ಕಲಾವಿದರಿಗೆ, ಸಾಹಿತಿಗಳಿಗೆ, ಕೃಷಿಕರಿಗೆ ಶಾಲು ಹೊದಿಸುತ್ತೇವೆ. ಅದು ಹಾಗೇ ಇರಲಿ, ಆ ಸಾಲಿಗೆ ಇಂಥ ಸಾಧನ ರೂಪಿಸುವವರೂ ಸೇರಲಿ. ಕೋಟತಟ್ಟು ಗ್ರಾಮ ಪಂಚಾಯಿತಿ ಶಿವರಾಮ ಕಾರಂತರ ನೆನಪಿಗೆ ಹುಟ್ಟೂರ ಪ್ರಶಸ್ತಿ ಕೊಡುತ್ತ ಬಂದಿದೆ. ಪುತ್ತೂರಿನಲ್ಲಿ ಬಾಲವನ ಕಟ್ಟಿದ, ಮಕ್ಕಳಿಗೆಂದು ‘ಬಾಲ ಪ್ರಪಂಚ’ ಬರೆದ ಕಾರಂತರ ಊರು ಇದು. ಮಕ್ಕಳ ಮಾತು, ಓದಿಗಾಗಿ ಜೀವ ತೇದವರನ್ನು ಗೌರವಿಸಲು ಇದಕ್ಕಿಂತ ತಕ್ಕ ನೆಲ ಸಿಗದು. ಆಸಾಡಿ ಅಮಾವಾಸ್ಯೆಗೆ ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುವವರಿಗೂ ನನ್ನ ವಿನಂತಿ ಇದೇ: ಒಂದು ವರ್ಷ ಈ ಸಂಶೋಧಕರಲ್ಲಿ ಒಬ್ಬರನ್ನು ಕರೆಯಿರಿ. ಮರುದಿನ ಅವರನ್ನು ಒಂದು ಸರ್ಕಾರಿ ಶಾಲೆಯ ಎರಡನೇ ಕ್ಲಾಸಿಗೆ ಕರೆದೊಯ್ಯಿರಿ. ಕುಂದಾಪ್ರ ಕನ್ನಡದ ಮಕ್ಕಳಿಗೆ ಹೊಂದುವ ಪರೀಕ್ಷೆಯೊಂದನ್ನು ರೂಪಿಸಲು ತಗಲುವ ಖರ್ಚನ್ನು ಊರವರು, ಬೆಂಗಳೂರು ಮುಂಬೈಗಳಲ್ಲಿರುವ ನಮ್ಮವರು ಸೇರಿ ಕೊಡಿ.