ಅಜ್ಜನ ಕಿಸೆಗಡಿಯಾರ

ಮುಂಜಾನೆ ಆಕಾಶವಾಣಿಯಲ್ಲಿ ವಾರ್ತೆ ಆರಂಭವಾಗುವ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಚಿಕ್ಕ ನಿತ್ಯಕರ್ಮ ನಡೆಯುತ್ತದೆ. ಅದು ಮಾಸ್ತರರ ಹುಚ್ಚು ಎಂದು ಬೆಳಗಾವಿಯ ಸದಾಶಿವನಗರದ ನಮ್ಮ ನೆರೆಹೊರೆಗೆಲ್ಲ ಗೊತ್ತು. ಮೇಜಿನ ಖಾನೆಯಿಂದ ಅಜ್ಜನ ಕಿಸೆಗಡಿಯಾರವನ್ನು ತೆಗೆದು, ಅದರ ನೆತ್ತಿಯ ಗುಂಡಿಯನ್ನು ಎರಡು ಬೆರಳುಗಳಲ್ಲಿ ಹಿಡಿದು, ಅವಸರ ಮಾಡದೆ ಚಾವಿ ಕೊಡುತ್ತೇನೆ. ವಾರ್ತೆ ಓದುವವರ ಮೊದಲ ಮಾತು ಕೇಳಿದೊಡನೆ ಮುಳ್ಳುಗಳು ಎಲ್ಲಿವೆಯೆಂದು ನೋಡಿ ಒಂದು ವಹಿಯಲ್ಲಿ ಬರೆದಿಡುತ್ತೇನೆ. ನಿನ್ನೆಗಿಂತ ಇಂದು 40 ಸೆಕೆಂಡು ಹಿಂದೆ. ಕೆಲವು ದಿನ 35. ದಿನವೊಂದಕ್ಕೆ 86,400 ಸೆಕೆಂಡುಗಳು. ಅದರಲ್ಲಿ ನಲವತ್ತು ತಪ್ಪಿದರೆ ತಪ್ಪು ಎರಡು ಸಾವಿರದಲ್ಲಿ ಒಂದು ಪಾಲೂ ಆಗಲಿಲ್ಲ. ನೂರು ವರ್ಷ ದಾಟಿದ ಯಂತ್ರವೊಂದು ಪಡೆಯುವ ಈ ಅಂಕಗಳನ್ನು ನಮ್ಮ ಶಾಲೆಯ ಯಾವ ಹುಡುಗನೂ ಈವರೆಗೆ ಪಡೆದಿಲ್ಲ. ಅವರ ಮಾಸ್ತರನೂ ಪಡೆದಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಇದನ್ನು ಒಬ್ಬ ಬೆಳ್ಳಿಯ ವ್ಯಾಪಾರಿಗೆ ತೋರಿಸಿದ್ದೆ. ಮಾರುವ ಉದ್ದೇಶವಿರಲಿಲ್ಲ, ಮುಚ್ಚಳದ ಒಳಗಿರುವ ಮುದ್ರೆಗಳ ಅರ್ಥ ತಿಳಿಯಬೇಕಾಗಿತ್ತು. ಅವರು ಅಂಗೈಯಲ್ಲಿ ತೂಗಿ ನೋಡಿ, “ಮಾಸ್ತರ, ಒಳಗಿನ ಮಷಿನ್ ಬಿಚ್ಚಿ ನೀವ ಇಟ್ಕೋರಿ, ಡಬ್ಬಿಗೆ ತೂಕದ ಮ್ಯಾಲೆ ರೊಕ್ಕಾ ಕೊಡತೇನಿ” ಎಂದರು. ತಮ್ಮ ಕಸುಬಿನ ದೃಷ್ಟಿಯಿಂದ ಅವರು ನ್ಯಾಯವಾಗಿಯೇ ನುಡಿದರು. ಆದರೆ ಇಂಥ ಒಂದು ಮಾತಿಗೆ ಒಪ್ಪಿ ಎಷ್ಟು ಮನೆಗಳ ಗಡಿಯಾರಗಳು ಮೂಸೆಯನ್ನು ಸೇರಿವೆಯೋ ಎಂದು ಅಂದು ನನಗೆ ಕಳವಳವಾಯಿತು. ಓಲೆಗರಿಯ ಕಟ್ಟನ್ನು ಸೌದೆಯ ಲೆಕ್ಕದಲ್ಲಿ ಕೊಂಡಂತೆ ಅದು. ಓಲೆಯನ್ನು ಓದಲು ಹೇಗೆ ಒಂದು ಅಭ್ಯಾಸ ಬೇಕೋ ಹಾಗೆಯೇ ಹಳೆಯ ಗಡಿಯಾರವನ್ನು ಓದಲೂ ಬೇಕು. ಆ ಓದಿನ ಅಕ್ಷರಾಭ್ಯಾಸವಾದರೂ ಆಗಲೆಂದು ಈ ನಾಲ್ಕು ಮಾತು.

ಕನ್ನಡ ಪಂಡಿತನಾದ್ದರಿಂದ ಮೊದಲು ಹೆಸರಿನ ವಿಚಾರ. ‘ಗಡಿಯಾರ’ದಲ್ಲಿ ಅಡಗಿರುವುದು ಘಟಿಕೆ, ಎಂದರೆ ಗಳಿಗೆ. ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುವ ವೇಳೆ ಒಂದು ಗಳಿಗೆ, 24 ನಿಮಿಷ. ಅಂಥ ಅರವತ್ತು ಗಳಿಗೆಗೆ ಒಂದು ಅಹೋರಾತ್ರಿ. ನಮ್ಮ ಕಡೆಯವರು ಗಂಟೆಗೆ ‘ತಾಸು’ ಎನ್ನುತ್ತೇವೆ. ಹೊತ್ತನ್ನು ಸಾರಲು ಬಾರಿಸುತ್ತಿದ್ದ ಲೋಹದ ತಟ್ಟೆಗೂ ಅದೇ ಹೆಸರು. ಒಂದು ತಾಸಿಗೆ ಎರಡೂವರೆ ಗಳಿಗೆ. ಬಟ್ಟಲೂ ಹೋಯಿತು, ತಟ್ಟೆಯೂ ಹೋಯಿತು. ಹೆಸರುಗಳು ಮಾತ್ರ ನಾಲಗೆಯ ಮೇಲೆ ಉಳಿದಿವೆ.

ಈ ಗಳಿಗೆಗೂ ನಮ್ಮೂರಿನ ರೈಲಿಗೂ ಒಂದು ಸ್ವಾರಸ್ಯದ ನಂಟಿದೆ. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಅದೇ ದಶಕದಲ್ಲಿ ಲೋಂಡಾ, ಖಾನಾಪುರ, ಬೆಳಗಾವಿಗಳ ಮಾರ್ಗವಾಗಿ ಹಳಿ ಹಾಕಿತು. ಆಗ ದೇಶದ ರೈಲುಗಳು ಮದ್ರಾಸಿನ ವೇಳೆಯನ್ನು ಅನುಸರಿಸುತ್ತಿದ್ದವು. ಬೆಳಗಾವಿ ಇರುವುದು ಪೂರ್ವ ರೇಖಾಂಶ ಎಪ್ಪತ್ತನಾಲ್ಕೂವರೆಯ ಮೇಲೆ. ಮದ್ರಾಸು ಎಂಬತ್ತೂಕಾಲರ ಮೇಲೆ. ಸೂರ್ಯನು ಒಂದು ಅಂಶವನ್ನು ದಾಟಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತಾನೆ. ಲೆಕ್ಕ ಮಾಡಿದರೆ ನಮ್ಮ ಸೂರ್ಯನಿಗಿಂತ ಸ್ಟೇಶನ್ನಿನ ಗಡಿಯಾರ 23 ನಿಮಿಷ ಮುಂದೆ, ಹತ್ತಿರ ಹತ್ತಿರ ಒಂದು ಗಳಿಗೆ! ಹೊತ್ತು ನೋಡಿ ಹೊರಟ ಹಳ್ಳಿಯ ಪ್ರಯಾಣಿಕನಿಗೆ ಗಾಡಿ ಒಂದು ಗಳಿಗೆ ಮೊದಲೇ ಬಿಟ್ಟಂತಾಗಬೇಕು. 1906ರ ಜನವರಿ 1ರಿಂದ ಭಾರತೀಯ ಪ್ರಮಾಣವೇಳೆ ಜಾರಿಗೆ ಬಂದ ಮೇಲೆ ಆ ಅಂತರ 32 ನಿಮಿಷಕ್ಕೆ ಏರಿತು; ಇಂದಿಗೂ ಅಷ್ಟೇ ಇದೆ. ಬೆಳಗಾವಿ ಆಗ ಯಾವ ಪ್ರಾಂತಕ್ಕೆ ಸೇರಿತ್ತೋ ಅದರ ರಾಜಧಾನಿಯಾದ ಮುಂಬಯಿಯಂತೂ ಹಟ ಹಿಡಿದು ಪ್ರಮಾಣವೇಳೆಗಿಂತ 39 ನಿಮಿಷ ಹಿಂದಿರುವ ತನ್ನದೇ ವೇಳೆಯನ್ನು 1955ರವರೆಗೆ ನಡೆಸಿತು. ಇಷ್ಟು ವೇಳೆಗಳ ನಡುವೆ ರೈಲಿನ ವೇಳೆಯನ್ನು ತಪ್ಪದೆ ಹೊತ್ತು ತಿರುಗಿದ್ದು ಗಾರ್ಡುಗಳ, ಸ್ಟೇಶನ್ ಮಾಸ್ತರರ ಕಿಸೆ.

ನಮ್ಮ ಅಜ್ಜನೂ 1930ರ ದಶಕದಲ್ಲಿ ಖಾನಾಪುರದ ಸ್ಟೇಶನ್ನಿನಲ್ಲಿದ್ದವನು. 1908ರಲ್ಲಿ ಹಳೆಯ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿ ಎಂ. ಅಂಡ್ ಎಸ್. ಎಂ. ಎನಿಸಿಕೊಂಡಿತ್ತು. ಒಂಟಿ ಹಳಿಯ ಮಾರ್ಗ. ಎದುರಿನ ಗಾಡಿ ಎಲ್ಲಿದೆಯೆಂಬುದು ತಿಳಿಯದೆ ಒಂದು ಗಾಡಿಯನ್ನೂ ಬಿಡುವಂತಿಲ್ಲ. 1891ರ ಏಪ್ರಿಲ್‌ನಲ್ಲಿ ಅಮೇರಿಕೆಯ ಕಿಪ್ಟನ್ ಎಂಬಲ್ಲಿ ಎರಡು ಗಾಡಿಗಳು ಡಿಕ್ಕಿ ಹೊಡೆದವು. ನೌಕರನೊಬ್ಬನ ಗಡಿಯಾರ ನಾಲ್ಕು ನಿಮಿಷ ನಿಂತು ಮತ್ತೆ ನಡೆದದ್ದೇ ಅದಕ್ಕೆ ಕಾರಣವೆಂದು ಹೇಳುತ್ತಾರೆ. ಆಮೇಲೆ ವೆಬ್ ಬಾಲ್ ಎಂಬ ಗಡಿಯಾರದ ವ್ಯಾಪಾರಿ ಅಲ್ಲಿಯ ರೈಲ್ವೆಗಳಿಗಾಗಿ ಕಟ್ಟುನಿಟ್ಟಿನ ನಿಯಮಗಳನ್ನು ಮಾಡಿದನು: ದಪ್ಪ ಅಂಕಿಗಳು, ಮುಚ್ಚಳವಿಲ್ಲದ ಮುಖ, ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು. ನಮ್ಮಜ್ಜನಿಗೆ ಬಾಲ್‌ನ ಹೆಸರು ಗೊತ್ತಿರಲಿಲ್ಲ. ಊಟಕ್ಕೆ ಕುಳಿತಾಗ ಮಾತ್ರ ಗಡಿಯಾರವನ್ನು ತೆಗೆದು ತಟ್ಟೆಯ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದನಂತೆ. ಅಜ್ಜಿ ಅದನ್ನು ‘ನನ್ನ ಸವತಿ’ ಎನ್ನುತ್ತಿದ್ದಳು.

ಇನ್ನು ಒಳಗೆ ನೋಡೋಣ. ಚಾವಿ ಕೊಟ್ಟಾಗ ಒಂದು ಗುಂಡು ಡಬ್ಬಿಯೊಳಗೆ ಉಕ್ಕಿನ ಪಟ್ಟಿಯೊಂದು ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಗಡಿಯಾರದ ಶಕ್ತಿಯೆಲ್ಲ ಅದರ ಬಿಚ್ಚಿಕೊಳ್ಳುವ ಆಸೆಯಲ್ಲಿದೆ. ಹಲ್ಲಿನ ಗಾಲಿಗಳ ಸಾಲು ಆ ಶಕ್ತಿಯನ್ನು ಮುಂದೆ ಸಾಗಿಸುತ್ತದೆ. ತಡೆಯುವವರಿಲ್ಲದಿದ್ದರೆ ಒಂದು ದಿನದ ಚಾವಿ ಕ್ಷಣಾರ್ಧದಲ್ಲಿ ಬಿಚ್ಚಿಹೋದೀತು. ಆದ್ದರಿಂದ ಸಾಲಿನ ಕೊನೆಯಲ್ಲೊಬ್ಬ ದ್ವಾರಪಾಲಕನಿದ್ದಾನೆ. ಲೀವರ್ ಎಂದು ಅವನ ಹೆಸರು. ಎರಡು ಕೆಂಪು ಹರಳುಗಳ ತುದಿಯಿಂದ ಅವನು ಕೊನೆಯ ಗಾಲಿಯ ಒಂದು ಹಲ್ಲನ್ನು ಹಿಡಿಯುತ್ತಾನೆ, ಬಿಡುತ್ತಾನೆ, ಮುಂದಿನದನ್ನು ಹಿಡಿಯುತ್ತಾನೆ. ಯಾವಾಗ ಬಿಡಬೇಕೆಂದು ಅವನಿಗೆ ಹೇಳುವುದು ಬ್ಯಾಲೆನ್ಸ್ ಎಂಬ ತೂಗುಗಾಲಿ. ಕೂದಲೆಳೆಯಂಥ ಸುರುಳಿ ಸ್ಪ್ರಿಂಗಿನ ಸೆಳೆತಕ್ಕೆ ಅದು ಅತ್ತಿಂದಿತ್ತ, ಇತ್ತಿಂದತ್ತ ತಿರುಗುತ್ತಲೇ ಇರುತ್ತದೆ. 1675ರಲ್ಲಿ ಹಾಲೆಂಡಿನ ವಿಜ್ಞಾನಿ ಹೈಗೆನ್ಸನು ಈ ಸುರುಳಿಯನ್ನು ಗಡಿಯಾರಕ್ಕೆ ಅಳವಡಿಸಿದ ಮೇಲೆಯೇ ನಿಮಿಷದ ಮುಳ್ಳಿಗೆ ಮರ್ಯಾದೆ ಬಂದದ್ದು. ಲೀವರನ್ನು ಕಲ್ಪಿಸಿದವನು ಇಂಗ್ಲೆಂಡಿನ ಥಾಮಸ್ ಮಡ್ಜ್, 1755ರ ಸುಮಾರಿಗೆ.

ನಮ್ಮ ಗಡಿಯಾರದ ಬಡಿತ ಸೆಕೆಂಡಿಗೆ ಐದು, ತಾಸಿಗೆ 18,000. ದಿನಕ್ಕೆ ಎಷ್ಟೆಂದು ಗುಣಿಸಿದಾಗ ನಾನು ಲೇಖಣಿಯನ್ನು ಕೆಳಗಿಟ್ಟೆ: 4,32,000. ಕಲಿಯುಗದ ವರ್ಷಗಳ ಸಂಖ್ಯೆಯೂ ಅದೇ ಅಲ್ಲವೆ! ಇದು ಕೇವಲ ಕಾಕತಾಳೀಯವೆಂದು ಬಲ್ಲೆ. ಆದರೂ ಅಂದಿನಿಂದ ಚಾವಿ ಕೊಡುವಾಗ ಸ್ವಲ್ಪ ಭಯಭಕ್ತಿ ಬಂದಿದೆ. ‘15 ಜ್ಯುವೆಲ್ಸ್’ ಎಂದು ಬರೆದದ್ದನ್ನು ನೋಡಿ ನಮ್ಮ ಮನೆಯವರು ಮೂಗುತಿಗೆ ಒಂದಾದರೂ ಸಿಕ್ಕೀತೇ ಎಂದು ಕೇಳಿದ್ದುಂಟು. ಸಿಗದು. ತಿರುಗುವ ಗಾಲಿಯ ಸೂಜಿಯಂಥ ತುದಿಗಳು ಸವೆಯದಿರಲೆಂದು ಹರಳಿನಲ್ಲಿ ಕೊರೆದ ತೂತುಗಳು ಅವು. ಬೆಲೆ ಅಲ್ಪ, ಕೆಲಸ ದೊಡ್ಡದು.

ಸಂಗ್ರಹಿಸಬೇಕೆಂಬುವರು ಹೊರಗಿನ ಮೆರುಗಿಗೆ ಮರುಳಾಗದೆ ಈ ಒಳಗನ್ನು ನೋಡಬೇಕು. ಮುಖದ ಮೇಲಿನ ಹೆಸರು, ಯಂತ್ರದ ಮೇಲಿನ ಹೆಸರು, ಡಬ್ಬಿಯ ಕಾಲ, ಮೂರೂ ಒಂದಕ್ಕೊಂದು ಒಪ್ಪಬೇಕು. ಮೂರು ಮುರಿದ ಗಡಿಯಾರಗಳಿಂದ ಒಂದನ್ನು ಜೋಡಿಸಿ, ಹೊಸ ಹಿತ್ತಾಳೆಯ ಡಬ್ಬಿಗೆ ರಾಣಿಯ ಚಿತ್ರವನ್ನೋ ರೈಲಿನ ಚಿತ್ರವನ್ನೋ ಅಂಟಿಸಿ ‘ಪುರಾತನ’ವೆಂದು ಮಾರುವವರು ಪೇಟೆಯಲ್ಲಿ ಬೇಕಾದಷ್ಟಿದ್ದಾರೆ. ‘20 ವರ್ಷ ಗ್ಯಾರಂಟಿ’ ಎಂದು ಅಮೇರಿಕೆಯ ಡಬ್ಬಿಯ ಮೇಲಿದ್ದರೆ ಅದು ಮೇಲಿನ ಚಿನ್ನದ ಹೊದಿಕೆ ಸವೆಯಲು ಹಿಡಿಯುವ ಕಾಲ. ಡಬ್ಬಿ ಅಪ್ಪಟ ಚಿನ್ನದ್ದಲ್ಲ. ನಮ್ಮ ಗಡಿಯಾರದ ಮುಖದ ಮೇಲೆ ವೆಸ್ಟ್ ಎಂಡ್ ವಾಚ್ ಕಂಪನಿ, ಬಾಂಬೆ, ಕಲ್ಕತ್ತಾ ಎಂದಿದೆ, ಯಂತ್ರ ಸ್ವಿಟ್ಜರ್ಲೆಂಡಿನದು. ಡಬ್ಬಿಯ ಒಳಗೆ 0.935 ಎಂಬ ಅಂಕಿಯೂ ಮೂರು ಪುಟ್ಟ ಕರಡಿಗಳೂ ಇವೆ. ಸಾವಿರದಲ್ಲಿ 935 ಪಾಲು ಬೆಳ್ಳಿ ಎಂಬುದಕ್ಕೆ ಆ ದೇಶದವರು 1887ರಿಂದ ಒತ್ತಿದ ಮುದ್ರೆ ಅದು. ಖಾನಾಪುರದ ಅಡವಿಯಲ್ಲಿ ಕರಡಿಗಳಿಗೆ ಕೊರತೆಯಿಲ್ಲದ್ದರಿಂದ ಅಜ್ಜಿ ಅದನ್ನು ಊರಿನ ಗುರುತೆಂದೇ ನಂಬಿದ್ದಳು. ಮುದ್ರೆಯ ಕಾಲವನ್ನು ನೋಡಿದರೆ ಅಜ್ಜ ಇದನ್ನು ಇನ್ನೊಬ್ಬರಿಂದ ಕೊಂಡಿರಬೇಕು.

ಬೆಲೆಬಾಳುವ ವಿದೇಶೀ ಹೆಸರುಗಳಿಂದಲೇ ಆರಂಭಿಸಬೇಕೆಂದಿಲ್ಲ. ಬೆಂಗಳೂರಿನ ಎಚ್. ಎಂ. ಟಿ.ಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಗಡಿಯಾರಗಳನ್ನು ಮಾಡತೊಡಗಿತು. ಕಿಸೆಗಡಿಯಾರಗಳನ್ನೂ, ಕುರುಡರು ಮುಟ್ಟಿ ವೇಳೆ ತಿಳಿಯುವಂಥವನ್ನೂ ಮಾಡಿತು. 2016ರಲ್ಲಿ ಅದರ ಗಡಿಯಾರ ವಿಭಾಗವನ್ನು ಮುಚ್ಚುವ ನಿರ್ಧಾರವಾಯಿತು. ಚಾವಿ ಕೊಡುವ ಆ ಗಡಿಯಾರಗಳು ಇನ್ನೂ ಅನೇಕ ಮನೆಗಳ ಕಪಾಟುಗಳಲ್ಲಿ ಮಲಗಿವೆ. ಅವನ್ನು ಎಬ್ಬಿಸಿದರೆ ಸಾಕು, ಸಂಗ್ರಹ ಆರಂಭವಾಯಿತು.

ಬೆಲೆಯನ್ನು ಯಂತ್ರವೊಂದೇ ನಿರ್ಣಯಿಸುವುದಿಲ್ಲ. 1924ರ ಡಿಸೆಂಬರಿನಲ್ಲಿ ಇದೇ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದ ಗಾಂಧೀಜಿಯವರ ಸೊಂಟದ ಗಡಿಯಾರ ಯಾರಿಗೆ ಗೊತ್ತಿಲ್ಲ? ಅವರು ಮುಂದೆ ಬಳಸಿದ ಜೆನಿತ್ ಹೆಸರಿನ ಬೆಳ್ಳಿಯ ಗಡಿಯಾರ, ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆಗಳೊಡನೆ, 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಹರಾಜಿಗೆ ಬಂದಾಗ ಒಟ್ಟು 18 ಲಕ್ಷ ಡಾಲರಿಗೆ ಹೋಯಿತು. ಅಷ್ಟೇ ಬೆಳ್ಳಿಯ, ಅದೇ ಯಂತ್ರದ ಇನ್ನೊಂದಕ್ಕೆ ಅದರ ಸಹಸ್ರಾಂಶವೂ ಬರುತ್ತಿರಲಿಲ್ಲ. ಯಾರ ಕೈಯಲ್ಲಿ ಇತ್ತೆಂಬುದು ಲೆಕ್ಕಕ್ಕೆ ಬರುತ್ತದೆ.

ಈ ಕಾರಣಕ್ಕಾಗಿಯೇ ನಾನು ಮಾಡಿದ ಒಂದು ಅಪರಾಧವನ್ನು ಇಲ್ಲಿ ಹೇಳಬೇಕು. ಹಿಂದಿನ ಕಾಲದ ರಿಪೇರಿಯವರು ಗಡಿಯಾರವನ್ನು ತೊಳೆದು ಎಣ್ಣೆ ಹಾಕಿದ ಮೇಲೆ ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತನ್ನೂ ತಾರೀಖನ್ನೂ ಗೀರುತ್ತಿದ್ದರು. ಓಲೆಯ ಕೊನೆಯಲ್ಲಿ ಲಿಪಿಕಾರನು ಬರೆಯುವ ಪುಷ್ಪಿಕೆಯಿದ್ದಂತೆ ಅದು. ಅಜ್ಜನ ಗಡಿಯಾರದಲ್ಲಿ ಅಂಥವು ಏಳೆಂಟು ಇದ್ದವು. ಒಂದರಲ್ಲಿ ಮೋಡಿ ಅಕ್ಷರ, ಒಂದರಲ್ಲಿ 1938 ಎಂಬ ಅಂಕಿ. ಉಳಿದವನ್ನು ಓದಬೇಕೆಂದು ಮುಂದೂಡುತ್ತ ಬಂದೆ. ಮಗಳ ಮದುವೆಯ ಸಂಭ್ರಮದಲ್ಲಿ ಕೋಟಿನ ಕಿಸೆಗೆ ಇದು ಹೊಳೆಯಲಿ ಎಂದು ಒಂದು ಅಂಗಡಿಗೆ ಕೊಟ್ಟು, “ಹೊಸಾದರಂಗ ಆಗಲಿ” ಎಂದು ನಾನೇ ಹೇಳಿದೆ. ಅವರು ಹೇಳಿದಂತೆ ಮಾಡಿದರು. ಒಳಗೂ ಹೊರಗೂ ಉಜ್ಜಿದರು. ಬೆನ್ನಿನ ಮೇಲಿನ ಬಳ್ಳಿಯ ಕೆತ್ತನೆ ಮಸುಕಾಯಿತು. ಒಳಗಿನ ಅಷ್ಟೂ ಗೀರುಗಳು ಹೋದವು. ಕರಡಿಗಳು ಮಾತ್ರ ಆಳವಾಗಿ ಒತ್ತಿದ್ದರಿಂದ ಉಳಿದವು. ಅಜ್ಜ ಯಾರ ಬಳಿ, ಯಾವ ಊರಲ್ಲಿ ಇದನ್ನು ರಿಪೇರಿ ಮಾಡಿಸಿದನೆಂದು ಇನ್ನು ತಿಳಿಯುವ ದಾರಿಯಿಲ್ಲ. ಮನೆಯಲ್ಲಿ ಹಳೆಯ ಗಡಿಯಾರವಿದ್ದವರು ದಯವಿಟ್ಟು ಮೊದಲು ಆ ಮುಚ್ಚಳದ ಒಳಗಿನದನ್ನು ಫೋಟೋ ತೆಗೆದಿಡಿರಿ. ಕಪ್ಪಾದ ಬೆಳ್ಳಿಯನ್ನು ಮೆತ್ತನೆಯ ಅರಿವೆಯಿಂದ ಒರೆಸಿದರೆ ಧಾರಾಳವಾಯಿತು.

ಜೋಪಾನದ ಬಗೆಗೆ ಒಂದೆರಡು ಮಾತು. ರೇಡಿಯೋ ಪೆಟ್ಟಿಗೆಯ ಮೇಲೆ ಗಡಿಯಾರ ಇಡುವ ರೂಢಿ ಹಲವರಿಗಿದೆ, ಅದನ್ನು ಬಿಡಬೇಕು. ಧ್ವನಿವರ್ಧಕದಲ್ಲಿ ಆಯಸ್ಕಾಂತವಿದೆ. ಅದರ ಸಹವಾಸದಿಂದ ಉಕ್ಕಿನ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ಹುಚ್ಚೆದ್ದು ಮುಂದೋಡುತ್ತದೆ. ಮೊಬೈಲಿನ ಸ್ಪೀಕರಿಗೂ ಇದೇ ಮಾತು. ಆಯಸ್ಕಾಂತದ ಗುಣವನ್ನು ತೆಗೆಯುವ ಸಾಧನ ರಿಪೇರಿಯವರಲ್ಲಿರುತ್ತದೆ, ಕ್ಷಣದ ಕೆಲಸ. ಖಾನಾಪುರ, ಕಣಕುಂಬಿಗಳ ಕಡೆಯ ಮಳೆಗಾಲದಲ್ಲಿ ತೇವವೇ ದೊಡ್ಡ ಶತ್ರು. ತುಕ್ಕು ಹಿಡಿದ ಸುರುಳಿಗೆ ಮದ್ದಿಲ್ಲ. ನಡೆಯದ ಗಡಿಯಾರಕ್ಕೆ ಬಲವಂತದಿಂದ ಚಾವಿ ಕೊಡಬಾರದು: ಎಣ್ಣೆ ಒಣಗಿ ಅಂಟಾಗಿರುತ್ತದೆ, ತೊಳೆಸಬೇಕು. ಮುಚ್ಚಳವುಳ್ಳದ್ದನ್ನು ಮುಚ್ಚುವಾಗ ನೆತ್ತಿಯ ಗುಂಡಿಯನ್ನು ಒತ್ತಿಕೊಂಡು ಮುಚ್ಚಬೇಕು. ಟಪ್ಪೆಂದು ಬಡಿದರೆ ಅಂಚು ಸವೆಯುತ್ತದೆ. ಕತ್ತಲಲ್ಲಿ ಹೊಳೆಯುತ್ತಿದ್ದ ಹಳೆಯ ಮುಳ್ಳುಗಳಿದ್ದರೆ ಗಾಜನ್ನು ಮನೆಯಲ್ಲಿ ಎಂದೂ ತೆಗೆಯಬೇಡಿರಿ. ಅದು ರೇಡಿಯಂ ಇರಬಹುದು. ಹೊಳಪು ಅಡಗಿದರೂ ವಿಷ ಅಡಗುವುದಿಲ್ಲ, ಅದರ ಅರ್ಧ ಸವೆಯಲೇ 1600 ವರ್ಷ ಬೇಕು.

ಕಳೆದ ಸಲ ನಮ್ಮ ಗಡಿಯಾರವನ್ನು ತೊಳೆದುಕೊಟ್ಟವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಐವತ್ತು ವರ್ಷ ಕುಳಿತ ಹಿರಿಯರು. ಮುಚ್ಚಳ ಹಾಕುವ ಮುನ್ನ ಸೂಜಿಯನ್ನು ಕೈಗೆತ್ತಿಕೊಂಡು, ಹೊಳೆಯುವ ಒಳಮೈಯನ್ನು ನೋಡಿ ಅನುಮಾನಿಸಿದರು. “ತಾರೀಖ ಹಾಕಲ್ಯಾ, ಮಾಸ್ತರ? ಗೀರು ಬೀಳತೈತಿ.”

“ಹಾಕರಿ,” ಎಂದೆ. “ಹೆಸರೂ ಹಾಕರಿ.”