ಫೀಸ್ ಕಟ್ಟದೇ ಅಮೆರಿಕದಲ್ಲಿ ಪಿಎಚ್‌ಡಿ?

ಅಮೆರಿಕದಲ್ಲಿ ಪಿಎಚ್‌ಡಿ ಅಂದ್ರೆ
ಹೊಲ ಮನೆ ಅಡ ಇಡಬೇಕಾ?

ವಿಜ್ಞಾನ, ಎಂಜಿನಿಯರಿಂಗ್ ಓದೋರಲ್ಲಿ ಬಹುತೇಕರಿಗೆ ಆ ಪಾಡಿಲ್ಲ.
ಫೀಸನ್ನು ವಿಶ್ವವಿದ್ಯಾಲಯವೇ ಮನ್ನಾ ಮಾಡುತ್ತೆ.
ಮೇಲೆ ತಿಂಗಳ ಸ್ಟೈಪೆಂಡ್ ಕೂಡ ಕೊಡುತ್ತೆ.

ಬದಲಿಗೆ, ಕೆಲಸ.

ಟೀಚಿಂಗ್ ಅಸಿಸ್ಟೆಂಟ್ ಆದವರು ಡಿಗ್ರಿ ಹುಡುಗರ ಲ್ಯಾಬ್ ನೋಡ್ಕೋತಾರೆ,
ರಾತ್ರಿ ಕೂತು ಉತ್ತರಪತ್ರಿಕೆಗಳ ಕಟ್ಟು ತಿದ್ದುತ್ತಾರೆ.
ರಿಸರ್ಚ್ ಅಸಿಸ್ಟೆಂಟ್‌ಗೆ ಹಣ ಬರೋದು
ಸಾಮಾನ್ಯವಾಗಿ ಪ್ರೊಫೆಸರ್ ತಂದ ಪ್ರಾಜೆಕ್ಟ್‌ನಿಂದ.
ಎಫ್-1 ಅಂದ್ರೆ ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವಾಗ
ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ.

ಹಾಗಾದ್ರೆ ಫೆಲೋಶಿಪ್?
ಅಸಿಸ್ಟೆಂಟ್‌ಶಿಪ್ ಅಂದ್ರೆ ಮದುವೆಮನೇಲಿ ಬಡಿಸಿ ಉಣ್ಣೋದು.
ಫೆಲೋಶಿಪ್ ಅಂದ್ರೆ ನೇರ ಪಂಕ್ತಿಗೆ ಕೂರೋದು.

ಮಾಸ್ಟರ್ಸ್‌ಗೆ ಹೋಗೋರಿಗೆ ಕೈ ಸ್ವಲ್ಪ ಬಿಗಿ.
ಫುಲ್‌ಬ್ರೈಟ್-ನೆಹರು ಫೆಲೋಶಿಪ್ ಇದೆ, ಪೈಪೋಟಿ ಜೋರು.
ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ನೆರವಾಗ್ತಿದೆ.
ಆದ್ರೆ ಅದು ಸಾಲ, ವಾಪಸ್ ಕಟ್ಟಲೇಬೇಕು.

ಆಫರ್ ಬಂತಾ?
ತಕ್ಷಣ ಹೂಂ ಅನ್ನಬೇಡಿ.
ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳ ಒಪ್ಪಂದದಂತೆ
ಫಂಡಿಂಗ್ ಆಫರ್‌ಗೆ ಉತ್ತರ ಕೊಡಲು ಏಪ್ರಿಲ್ 15ರವರೆಗೆ ಸಮಯವಿದೆ.
ಅಷ್ಟರಲ್ಲಿ ಎರಡು ವಿಷಯ ಕೇಳಿ:
ಹೆಲ್ತ್ ಇನ್ಶೂರೆನ್ಸ್ ಯಾರು ಕಟ್ತಾರೆ?
ಸ್ಟೈಪೆಂಡ್ 9 ತಿಂಗಳಿಗೋ, 12 ತಿಂಗಳಿಗೋ?